ಅಂಬಾರಿಗೆ ಯಾವ ಲೆನ್ಸು?

ಹಬ್ಬದ ಆಫರ್‌ಗಳ ಬೆನ್ನಲ್ಲೇ ಮೊದಲ ಕ್ಯಾಮೆರಾ ಕೊಳ್ಳುವ ಆಸೆಯೂ ಚಿಗುರುತ್ತದೆ. ಮೆಗಾಪಿಕ್ಸೆಲ್ ಮರೆತುಬಿಡಿ, ಬ್ರ್ಯಾಂಡ್ ಜಗಳ ಪಕ್ಕಕ್ಕಿಡಿ. ನಿಮ್ಮ ಮೊಬೈಲ್ ಕೈಚೆಲ್ಲುವುದು ಎಲ್ಲಿ? ಅದನ್ನು ಮೊದಲು ಕಂಡುಕೊಳ್ಳಿ. ಕಂಡುಕೊಳ್ಳಲು ಮೈಸೂರು ದಸರಾಕ್ಕಿಂತ ಒಳ್ಳೆಯ ಜಾಗವಿಲ್ಲ.

ಸಂಜೆ ಏಳಕ್ಕೆ ಇನ್ನೊಂದೇ ನಿಮಿಷ. ಅರಮನೆಯ ಮುಂದೆ ಕಾಲಿಡಲು ಜಾಗವಿಲ್ಲ. ಅಪ್ಪಂದಿರ ಹೆಗಲೇರಿದ ಮಕ್ಕಳು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಜಾಗ ಹಿಡಿದ ಹೆಂಗಸರು, ಬಲೂನು ಮಾರುವವರ ಪೀಪಿ ಸದ್ದು. ಕತ್ತಲಲ್ಲಿ ಅರಮನೆಯ ಗೋಪುರಗಳ ಅಂಚಷ್ಟೇ ಕಾಣುತ್ತಿದೆ. ಫಕ್ಕನೆ ಸುಮಾರು ಒಂದು ಲಕ್ಷ ಬಲ್ಬುಗಳು ಒಟ್ಟಿಗೇ ಹೊತ್ತಿಕೊಳ್ಳುತ್ತವೆ. ಜನ ‘ಓ’ ಎನ್ನುತ್ತಾರೆ. ಮರುಕ್ಷಣವೇ ಸಾವಿರಾರು ಕೈಗಳು ಮೇಲೇಳುತ್ತವೆ, ಕೈಗೊಂದು ಮೊಬೈಲು.

ಈ ಗದ್ದಲದ ನಡುವೆ ಕಾಲೇಜು ಹುಡುಗನೊಬ್ಬ ಟ್ರೈಪಾಡ್ ಬಿಡಿಸಿ ಹೊಸ ಕ್ಯಾಮೆರಾ ನಿಲ್ಲಿಸಿದ್ದಾನೆ. ಪಕ್ಕದಲ್ಲಿ ನಿಂತ ಚಿಕ್ಕಮ್ಮ ತಮ್ಮ ಮೊಬೈಲನ್ನು ಅವನ ಮುಖಕ್ಕೆ ಹಿಡಿಯುತ್ತಾರೆ.

‘ನೋಡೋ, ನಂದು ಎಷ್ಟು ಚೆನ್ನಾಗಿ ಬಂದಿದೆ. ನಿಂದ್ಯಾಕೋ ಹಿಂಗೆ ಮಂಕಾಗಿದೆ?’

‘ಇದು ರಾ ಫೈಲ್ ಚಿಕ್ಕಮ್ಮ. ಮನೆಗೆ ಹೋಗಿ ಎಡಿಟ್ ಮಾಡ್ಬೇಕು.’

‘ಅಷ್ಟು ದುಡ್ಡು ಕೊಟ್ಟ ಮೇಲೂ ಕೆಲಸ ನೀನೇ ಮಾಡ್ಬೇಕಾ?’

ಚಿಕ್ಕಮ್ಮನ ಪ್ರಶ್ನೆ ನ್ಯಾಯವಾದದ್ದೇ. ಕದಲದೆ ನಿಂತ ಕಟ್ಟಡ, ಧಾರಾಳ ಬೆಳಕು, ವಿಶಾಲ ನೋಟ. ಮೊಬೈಲಿಗೆ ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ. ನೀವು ಒಂದು ಸಲ ಒತ್ತಿದರೆ ಅದು ಒಳಗೊಳಗೇ ಹಲವು ಚಿತ್ರ ತೆಗೆದು, ಒಂದರ ಮೇಲೊಂದು ಜೋಡಿಸಿ, ಬಲ್ಬುಗಳ ಉರಿಯನ್ನು ತಗ್ಗಿಸಿ, ಆಕಾಶವನ್ನು ನುಣುಪು ಮಾಡಿ ಕೈಗಿಡುತ್ತದೆ. ದೀಪಾಲಂಕಾರದ ಫೋಟೊಗಾಗಿಯೇ ಕ್ಯಾಮೆರಾ ಕೊಳ್ಳಬೇಕೆಂದಿದ್ದರೆ ಆ ಹಣದಲ್ಲಿ ಮೈಸೂರಿನಲ್ಲಿ ಇನ್ನು ನಾಲ್ಕು ದಿನ ಉಳಿದು ಹಬ್ಬ ನೋಡಿಬಿಡುವುದು ಮೇಲು.

ಆದರೆ ಅದೇ ಮೊಬೈಲ್ ಹಿಡಿದು ವಿಜಯದಶಮಿಯ ಸಂಜೆ ಸಯ್ಯಾಜಿರಾವ್ ರಸ್ತೆಯ ಬ್ಯಾರಿಕೇಡ್ ಹಿಂದೆ ನಿಲ್ಲಿ. ಮುಂದೆ ಐದಾರು ಸಾಲು ತಲೆ. ಇಳಿಬಿಸಿಲು. 750 ಕೆ.ಜಿ. ತೂಕದ ಚಿನ್ನದ ಅಂಬಾರಿ ಹೊತ್ತ ಆನೆ ದೂರದ ತಿರುವಿನಲ್ಲಿ ಕಾಣಿಸಿಕೊಳ್ಳುತ್ತದೆ. ಎರಡು ಬೆರಳಲ್ಲಿ ಪರದೆ ಹಿಗ್ಗಿಸುತ್ತೀರಿ. ಅಂಬಾರಿಯೊಳಗಿನ ಚಾಮುಂಡೇಶ್ವರಿಯ ಜಾಗದಲ್ಲಿ ಹಳದಿ ಬಣ್ಣ ಕದಡಿದ ಒಂದು ಮುದ್ದೆ. ಮಾವುತನಿಗೆ ಮುಖವೇ ಇಲ್ಲ.

ಹವ್ಯಾಸಿಗೆ ಕ್ಯಾಮೆರಾ ಬೇಕಾಗುವುದು ಇಲ್ಲಿ, ಮೊಬೈಲ್ ಸೋಲುವ ಕಡೆ. ಎಲ್ಲಿ ಸೋಲುತ್ತದೆ ಎಂಬುದು ತಿಳಿದರೆ ಯಾವ ಲೆನ್ಸು ಬೇಕೆಂದು ತಿಳಿಯುತ್ತದೆ. ಲೆನ್ಸು ಗೊತ್ತಾದರೆ ಬಾಡಿ ತಾನಾಗಿಯೇ ಗೊತ್ತಾಗುತ್ತದೆ. ಅಂಗಡಿಯಲ್ಲಿ ಮಾತ್ರ ಎಲ್ಲವೂ ತಲೆಕೆಳಗು. ‘ಬಜೆಟ್ ಎಷ್ಟು ಸರ್?’ ಎಂದು ಶುರುವಾಗುವ ಮಾತು ‘ಇದು 24 ಮೆಗಾಪಿಕ್ಸೆಲ್, ಅದು 32’ ಎಂದು ಸಾಗಿ, ‘ಬ್ಯಾಗು, ಕಾರ್ಡು ಎರಡೂ ಫ್ರೀ’ ಎಂಬಲ್ಲಿಗೆ ಮುಗಿಯುತ್ತದೆ. ‘ಏನ್ ಫೋಟೊ ತೆಗೀತೀರಿ ಸರ್?’ ಎಂದು ಕೇಳುವ ಅಂಗಡಿಯವರು ಸಿಕ್ಕರೆ ಅವರನ್ನು ಬಿಡಬೇಡಿ.

ಉಳಿದದ್ದು ಗಟ್ಟಿಯಾದದ್ದೇ

ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಂತೆ 2010ರಲ್ಲಿ ಜಗತ್ತಿನ ಮಾರುಕಟ್ಟೆಗೆ ಹೋದ ಡಿಜಿಟಲ್ ಕ್ಯಾಮೆರಾಗಳು 12 ಕೋಟಿಗೂ ಹೆಚ್ಚು. 2023ರಲ್ಲಿ 80 ಲಕ್ಷವೂ ಇಲ್ಲ. ಮದುವೆ ಮನೆಗೆ, ಶಾಲೆಯ ಪ್ರವಾಸಕ್ಕೆ ಕೈಚೀಲದಲ್ಲಿ ಒಯ್ಯುತ್ತಿದ್ದ ಪುಟ್ಟ ಕ್ಯಾಮೆರಾಗಳನ್ನು ಮೊಬೈಲ್ ನುಂಗಿ ನೀರು ಕುಡಿಯಿತು. ಒಲಿಂಪಸ್‌ನಂಥ ಹಳೆಯ ಕಂಪನಿಯೇ ತನ್ನ ಕ್ಯಾಮೆರಾ ವಿಭಾಗವನ್ನು ಮಾರಿ ಕೈತೊಳೆದುಕೊಂಡಿತು.

ಕೊಳ್ಳುವವರಿಗೆ ಇದರಿಂದ ಒಳ್ಳೆಯದೇ ಆಯಿತೆನ್ನಬೇಕು. ಈಗ ಅಂಗಡಿಯ ಗಾಜಿನ ಹಿಂದೆ ಉಳಿದಿರುವ ಹೆಚ್ಚಿನ ಕ್ಯಾಮೆರಾಗಳು ಮೊಬೈಲಿಗೆ ಆಗದ ಒಂದಲ್ಲ ಒಂದು ಕೆಲಸ ಮಾಡಬಲ್ಲವೇ. ನಿಮಗೆ ಬೇಕಾದ ಕೆಲಸ ಯಾವುದು ಎಂಬುದಷ್ಟೇ ಪ್ರಶ್ನೆ.

ಮೆಗಾಪಿಕ್ಸೆಲ್ಲಿನ ಮಾತನ್ನು ಇಲ್ಲೇ ಮುಗಿಸಿಬಿಡೋಣ. ಮನೆಯ 4ಕೆ ಟಿವಿಯಲ್ಲಿ ಕಾಣುವುದು 83 ಲಕ್ಷ ಚುಕ್ಕೆಗಳು, ಅಂದರೆ 8 ಮೆಗಾಪಿಕ್ಸೆಲ್‌ಗಿಂತ ಚೂರು ಹೆಚ್ಚು. ಗೋಡೆಗೆ ಹಾಕುವ 12x8 ಇಂಚಿನ ಒಳ್ಳೆಯ ಪ್ರಿಂಟಿಗೆ 9 ಮೆಗಾಪಿಕ್ಸೆಲ್ ಧಾರಾಳ. 200 ಮೆಗಾಪಿಕ್ಸೆಲ್ ಎಂದು ಡಂಗುರ ಸಾರುವ ಮೊಬೈಲು ಕೂಡ ಸಾಮಾನ್ಯವಾಗಿ 16 ಪಿಕ್ಸೆಲ್‌ಗಳನ್ನು ಒಂದು ಮಾಡಿ ಹನ್ನೆರಡೂವರೆ ಮೆಗಾಪಿಕ್ಸೆಲ್ ಚಿತ್ರವನ್ನೇ ಕೊಡುವುದು. ಇವತ್ತಿನ ಅತಿ ಅಗ್ಗದ ಲೆನ್ಸ್ ಬದಲಿಸುವ ಕ್ಯಾಮೆರಾದಲ್ಲೂ 20ಕ್ಕಿಂತ ಕಡಿಮೆ ಸಿಗುವುದು ಕಷ್ಟ. ಸಾಕು.

ನೋಡಬೇಕಾದ ಅಂಕಿ ಬೇರೆ ಇದೆ. ಅದು ಸೆನ್ಸರಿನ ಅಳತೆ.

[ಬಾಕ್ಸ್] ಸೆನ್ಸರ್ ಎಷ್ಟು ದೊಡ್ಡದು?

ಫುಲ್ ಫ್ರೇಮ್: 36x24 ಮಿ.ಮೀ. ಹಳೆಯ 35 ಎಂಎಂ ರೋಲಿನ ಒಂದು ಚೌಕದಷ್ಟು. ವಿಸ್ತೀರ್ಣ 864 ಚದರ ಮಿ.ಮೀ.
ಎಪಿಎಸ್-ಸಿ: ಸುಮಾರು 23.5x15.6 ಮಿ.ಮೀ. ಹವ್ಯಾಸಿಗಳ ಹೆಚ್ಚಿನ ಕ್ಯಾಮೆರಾಗಳಲ್ಲಿ ಇರುವುದು ಇದೇ. ಕ್ಯಾನನ್‌ನಲ್ಲಿ ತುಸು ಚಿಕ್ಕದು.
ಮೈಕ್ರೊ ಫೋರ್ ಥರ್ಡ್ಸ್: 17.3x13 ಮಿ.ಮೀ.
ಒಂದು ಇಂಚು: ಹೆಸರಿಗೆ ಇಂಚು, ಅಳತೆಗೆ 13.2x8.8 ಮಿ.ಮೀ.
ಸೂಪರ್ ಝೂಮ್ ಕ್ಯಾಮೆರಾಗಳ ಸೆನ್ಸರ್: ಸುಮಾರು 6.2x4.6 ಮಿ.ಮೀ. ಫುಲ್ ಫ್ರೇಮಿನ ಮೂವತ್ತರಲ್ಲಿ ಒಂದು ಪಾಲು.

ಸೆನ್ಸರ್ ದೊಡ್ಡದಾದಷ್ಟೂ ಮಂದ ಬೆಳಕಿನಲ್ಲಿ ಚಿತ್ರ ಸ್ವಚ್ಛ. ಬೆಲೆ, ತೂಕ, ಲೆನ್ಸಿನ ಗಾತ್ರ ಮೂರೂ ಅದರ ಜತೆಗೇ ಏರುತ್ತವೆ.

ಹಾಗಾದರೆ ಫುಲ್ ಫ್ರೇಮೇ ಕೊಂಡುಬಿಡೋಣ ಎನ್ನುವವರಿಗೆ ನನ್ನ ಉತ್ತರ: ಬೇಡ, ಈಗಲೇ ಬೇಡ. ಬಾಡಿಗೇ ಲಕ್ಷ ರೂಪಾಯಿ ಸುರಿದು, ಲೆನ್ಸಿಗೆ ದುಡ್ಡಿಲ್ಲದೆ ಕಿಟ್ ಲೆನ್ಸಿನಲ್ಲೇ ಕಾಲ ಹಾಕುವವರು ಊರಿಗೆ ಹತ್ತು ಜನ ಸಿಗುತ್ತಾರೆ. ಮೊದಲ ಕ್ಯಾಮೆರಾಕ್ಕೆ ಎಪಿಎಸ್-ಸಿ ಸಾಕು. ಅದೇ ಸರಿಯಾದ ಮಧ್ಯದಾರಿ.

ಕುಸ್ತಿ ಅಖಾಡದ ಪಾಠ

ಲೆನ್ಸಿನ ಬೆಲೆ ಏನೆಂದು ಅರಿಯಲು ದಸರಾ ಕುಸ್ತಿಗೆ ಹೋಗಬೇಕು. ದೊಡ್ಡಕೆರೆ ಮೈದಾನದ ಡಿ. ದೇವರಾಜ ಅರಸು ವಿವಿಧೋದ್ದೇಶ ಕ್ರೀಡಾಂಗಣ. ಮಟ್ಟಿಯ ಮೇಲೆ ಇಬ್ಬರು ಪೈಲ್ವಾನರು ಒಬ್ಬರ ಕತ್ತಿಗೆ ಒಬ್ಬರು ಕೈ ಹಾಕಿ ಸುತ್ತುತ್ತಿದ್ದಾರೆ. ಬಹಳ ಹೊತ್ತು ಏನೂ ನಡೆಯುವುದಿಲ್ಲ. ಮರುಗಳಿಗೆಯಲ್ಲಿ ಒಬ್ಬ ಗಾಳಿಯಲ್ಲಿರುತ್ತಾನೆ, ಕಾಲಿನಿಂದ ಕೆಮ್ಮಣ್ಣು ಎರಚುತ್ತಿರುತ್ತದೆ. ಬೆನ್ನು ಮಟ್ಟಿಗೆ ತಾಗುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಆ ಗಳಿಗೆಯನ್ನು ಅಲುಗದಂತೆ ಹಿಡಿಯಲು ಶಟರ್ ಸೆಕೆಂಡಿನ 500ನೇ ಒಂದು ಭಾಗದಷ್ಟಾದರೂ ವೇಗವಾಗಿ ತೆರೆದು ಮುಚ್ಚಬೇಕು. ಹೊತ್ತು ಮುಳುಗಿದ ಮೇಲೆ ಅಷ್ಟು ಬೆಳಕು ಎಲ್ಲಿಂದ ಬರಬೇಕು? ಮೊಬೈಲಿನ ರಾತ್ರಿ ಮೋಡ್ ಇಲ್ಲಿ ನಡೆಯುವುದಿಲ್ಲ. ಹಲವು ಚಿತ್ರ ಜೋಡಿಸುವ ಅದರ ಚಮತ್ಕಾರಕ್ಕೆ ಎದುರಿಗಿರುವವರು ಕದಲದೆ ನಿಲ್ಲಬೇಕು. ಪೈಲ್ವಾನರು ನಿಲ್ಲುವುದಿಲ್ಲ.

ಕ್ಯಾಮೆರಾದ ಜತೆ ಬಂದ ಕಿಟ್ ಲೆನ್ಸಿಗೂ ಇದು ಕಷ್ಟ. ಝೂಮ್ ಮಾಡಿದಾಗ ಅದರ ಬಾಯಿ ತೆರೆಯುವುದು ಎಫ್ 5.6ರವರೆಗೆ, ಕೆಲವದರಲ್ಲಿ 6.3ರವರೆಗೆ ಮಾತ್ರ. ಈ ಅಂಕಿ ಚಿಕ್ಕದಾದಷ್ಟೂ ಬಾಯಿ ದೊಡ್ಡದು. ಅದನ್ನು ಬಿಚ್ಚಿಟ್ಟು ಎಫ್ 1.8ರ ಸಾದಾ 50 ಎಂಎಂ ಲೆನ್ಸು ಸಿಕ್ಕಿಸಿ. ಒಳಬರುವ ಬೆಳಕು ಹೆಚ್ಚುಕಡಿಮೆ ಹತ್ತು ಪಟ್ಟು. ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ ಹೇಳುವ ಐಎಸ್‌ಒ ಅಂಕಿಯನ್ನು 12,800ಕ್ಕೆ ಏರಿಸಿ ಚಿತ್ರವೆಲ್ಲ ರವೆ ಚೆಲ್ಲಿದಂತೆ ಬರುತ್ತಿದ್ದ ಕಡೆ ಈಗ 1,250 ಸಾಕು. ಮೈಮೇಲಿನ ಬೆವರಹನಿ ಬೆವರಹನಿಯಾಗಿಯೇ ಕಾಣುತ್ತದೆ.

ಈ ಲೆನ್ಸಿನ ಬೆಲೆ, ಕಂಪನಿ ಮತ್ತು ಮಾದರಿ ನೋಡಿಕೊಂಡು, ಹತ್ತರಿಂದ ಇಪ್ಪತ್ತು ಸಾವಿರದ ಆಸುಪಾಸು. ಇದಕ್ಕೆ ಝೂಮ್ ಇಲ್ಲ. ಹತ್ತಿರ ಬೇಕೆಂದರೆ ಕಾಲಿಗೇ ಕೆಲಸ. ಹೊಸಬರು ಇದನ್ನೇ ಕೊರತೆ ಎಂದುಕೊಳ್ಳುತ್ತಾರೆ. ಆದರೆ ನಿಂತಲ್ಲೇ ನಿಂತು ಝೂಮ್ ತಿರುಗಿಸುವ ಅಭ್ಯಾಸ ತಪ್ಪಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಮೇಷ್ಟ್ರು ಬೇರೆ ಇಲ್ಲ.

ಮನೆಯ ಮಗುವಿನ ನಾಮಕರಣಕ್ಕೂ ಸಂಜೆ ಹೊಸಿಲ ಮೇಲೆ ಕೂತ ಅಜ್ಜಿಗೂ ಇದೇ ಲೆನ್ಸು. ಮೊಬೈಲಿನ ಪೋರ್ಟ್ರೇಟ್ ಮೋಡ್ ಹಿನ್ನೆಲೆಯನ್ನು ಮಸುಕು ಮಾಡುವುದು ಲೆಕ್ಕಾಚಾರದಿಂದ. ಮುಖ ಎಲ್ಲಿ ಮುಗಿಯಿತು, ಹಿನ್ನೆಲೆ ಎಲ್ಲಿ ಶುರುವಾಯಿತು ಎಂದು ಅದು ಊಹಿಸುತ್ತದೆ. ಮುಡಿಯಿಂದ ಇಳಿಬಿದ್ದ ಮಲ್ಲಿಗೆ ದಂಡೆಯ ಅಂಚನ್ನೊಮ್ಮೆ ಹಿಗ್ಗಿಸಿ ನೋಡಿ. ಒಂದೆರಡು ಮೊಗ್ಗು ಕರಗಿಹೋಗಿರುತ್ತವೆ, ಕಿವಿಯ ಹಿಂದಿನ ಕೂದಲಿಗೆ ಕತ್ತರಿ ಬಿದ್ದಿರುತ್ತದೆ. ಗಾಜಿನ ಲೆನ್ಸಿಗೆ ಊಹೆಯ ಹಂಗಿಲ್ಲ.

ಅಂಬಾರಿಯ ವಿಷಯಕ್ಕೆ ಬಂದರೆ ಬೇಕಾದದ್ದು ದೂರ ಹತ್ತಿರವಾಗಿಸುವ ಲೆನ್ಸು. 55-250 ಅಥವಾ 70-300. ಎಪಿಎಸ್-ಸಿ ಸೆನ್ಸರ್ ಚಿಕ್ಕದಾದ್ದರಿಂದ 300 ಎಂಎಂ ಲೆನ್ಸು 450 ಎಂಎಂನಷ್ಟು ಹತ್ತಿರದ ನೋಟ ಕೊಡುತ್ತದೆ. ಮೆರವಣಿಗೆಗೆ ಇನ್ನೂ ಬೆಳಕಿರುತ್ತದೆ, ಹಾಗಾಗಿ ಎಫ್ 5.6 ಇಲ್ಲಿ ನಡೆಯುತ್ತದೆ. ಅದೇ ಲೆನ್ಸನ್ನು ಹೊತ್ತು ಬನ್ನಿಮಂಟಪದ ಪಂಜಿನ ಕವಾಯತಿಗೆ ಹೋದರೆ ಮತ್ತೆ ಕತ್ತಲ ಕಾಟ. ಎಲ್ಲಕ್ಕೂ ಆಗುವ ಲೆನ್ಸು ಎಂಬುದೊಂದು ಇಲ್ಲ. ಇದೆ ಎಂದು ಹೇಳುವವರು ಅದನ್ನು ಮಾರುವವರು.

ಕನ್ನಡಿ ಬೇಕೆ, ಬೇಡವೆ?

ಹೊಸಬರ ತಲೆ ತಿನ್ನುವ ಇನ್ನೊಂದು ಪ್ರಶ್ನೆ ಡಿಎಸ್‌ಎಲ್‌ಆರೋ ಮಿರರ್‌ಲೆಸ್ಸೋ ಎಂಬುದು. ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸಿನ ಹಿಂದೆ ಒಂದು ಕನ್ನಡಿ ಇರುತ್ತದೆ. ಫೋಟೊ ತೆಗೆಯುವಾಗ ಅದು ಟಕ್ಕನೆ ಮೇಲೇಳುತ್ತದೆ. ಮಿರರ್‌ಲೆಸ್‌ನಲ್ಲಿ ಕನ್ನಡಿಯೇ ಇಲ್ಲ. ಸೆನ್ಸರ್ ಕಂಡದ್ದನ್ನು ಪುಟ್ಟ ಪರದೆಯಲ್ಲಿ ನೇರವಾಗಿ ನಿಮಗೂ ತೋರಿಸುತ್ತದೆ. ಬರಲಿರುವ ಚಿತ್ರದ ಬೆಳಕು, ಬಣ್ಣ ಒತ್ತುವ ಮೊದಲೇ ಕಣ್ಣಿಗೆ ಬೀಳುತ್ತದೆ. ಕಲಿಯುವವರಿಗೆ ಇದು ದೊಡ್ಡ ಉಪಕಾರ.

ಕಂಪನಿಗಳಂತೂ ತೀರ್ಮಾನ ಮಾಡಿಯಾಗಿದೆ. 2020ರ ನಂತರ ಕ್ಯಾನನ್, ನಿಕಾನ್ ಎರಡೂ ಹೊಸ ಡಿಎಸ್‌ಎಲ್‌ಆರ್ ಮಾದರಿ ತಂದಿಲ್ಲ. ಹೊಸ ಲೆನ್ಸುಗಳು, ಹಕ್ಕಿಯ ಕಣ್ಣನ್ನು ತಾನೇ ಹುಡುಕಿ ಫೋಕಸ್ ಮಾಡುವ ಜಾಣತನ ಎಲ್ಲವೂ ಮಿರರ್‌ಲೆಸ್‌ಗೇ. ಹೊಸದನ್ನೇ ಕೊಳ್ಳುವವರು ಇದನ್ನೇ ಕೊಳ್ಳಿ.

ಅದಕ್ಕೂ ಕೆಲವು ತಂಟೆಗಳಿವೆ. ನಿಕಾನ್‌ನ ಹಳೆಯ ಡಿ3500 ಒಂದು ಚಾರ್ಜಿಗೆ 1,550 ಚಿತ್ರ ಕೊಡುತ್ತದೆಂಬುದು ಕಂಪನಿಯ ಲೆಕ್ಕ. ಅಗ್ಗದ ಮಿರರ್‌ಲೆಸ್‌ಗಳು ಮುನ್ನೂರು, ನಾನೂರಕ್ಕೇ ಸುಸ್ತು. ಎರಡನೇ ಬ್ಯಾಟರಿಯ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ವ್ಲಾಗ್ ಮಾಡುವವರಿಗೆಂದು ಬಂದ ನಿಕಾನ್ ಝಡ್30, ಸೋನಿ ಝಡ್‌ವಿ-ಇ10ರಂಥ ಮಾದರಿಗಳಲ್ಲಿ ಕಣ್ಣಿಟ್ಟು ನೋಡುವ ಕಿಂಡಿಯೇ ಇಲ್ಲ. ಹಂಪಿಯ ಮಧ್ಯಾಹ್ನದ ಬಿಸಿಲಿನಲ್ಲಿ ಹಿಂದಿನ ಪರದೆ ನೋಡಿ ಫೋಟೊ ತೆಗೆಯುವುದೆಂದರೆ ಕಣ್ಣು ಕಟ್ಟಿಕೊಂಡ ಹಾಗೆಯೇ.

ಅರಮನೆ ಆವರಣದ ಸಂಗೀತ ಕಛೇರಿಗೆ ಮಿರರ್‌ಲೆಸ್ ಹೇಳಿಮಾಡಿಸಿದ್ದು. ಸದ್ದೇ ಇಲ್ಲದ ಎಲೆಕ್ಟ್ರಾನಿಕ್ ಶಟರ್ ಇರುತ್ತದೆ. ಆಲಾಪನೆಯ ನಡುವೆ ಟಕ್ ಟಕ್ ಎನ್ನಿಸಿ ಮುಂದಿನ ಸಾಲಿನ ಹಿರಿಯರ ಕೆಂಗಣ್ಣಿಗೆ ಗುರಿಯಾಗಬೇಕಿಲ್ಲ. ಆದರೆ ವೇದಿಕೆಯ ಎಲ್‌ಇಡಿ ದೀಪಗಳ ಮೇಲೊಂದು ಕಣ್ಣಿರಲಿ. ನಮಗೆ ಒಂದೇ ಸಮ ಉರಿಯುವಂತೆ ಕಾಣುವ ದೀಪ ಸೆಕೆಂಡಿಗೆ ನೂರು ಸಲವೋ ಅದಕ್ಕೂ ಹೆಚ್ಚೋ ಮಿನುಗುತ್ತಿರುತ್ತದೆ. ಎಲೆಕ್ಟ್ರಾನಿಕ್ ಶಟರ್ ಚಿತ್ರವನ್ನು ಸಾಲುಸಾಲಾಗಿ ಓದಿಕೊಳ್ಳುವುದರಿಂದ ಗಾಯಕಿಯ ಮುಖದ ಮೇಲೆ ಕಪ್ಪು ಅಡ್ಡಪಟ್ಟೆಗಳು ಬೀಳುತ್ತವೆ. ಮೆಕ್ಯಾನಿಕಲ್ ಶಟರೂ ಇರುವ ಬಾಡಿಯಾದರೆ ಬದಲಿಸಿಕೊಳ್ಳಬಹುದು. ಕೊಳ್ಳುವ ಮೊದಲು ಇದನ್ನು ಕೇಳಿ. ಅಂಗಡಿಯವರು ತಾವಾಗಿ ಹೇಳುವುದಿಲ್ಲ.

[ಬಾಕ್ಸ್] 23 ಸೆಕೆಂಡಿನ ಒಂದು ಚಿತ್ರ

ಮೊದಲ ಡಿಜಿಟಲ್ ಕ್ಯಾಮೆರಾ ಮಾಡಿದ್ದು ಕೊಡಾಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್, 1975ರಲ್ಲಿ. ತೂಕ ಸುಮಾರು 3.6 ಕೆ.ಜಿ. ಚಿತ್ರದಲ್ಲಿ ಇದ್ದದ್ದು 100x100, ಅಂದರೆ ಹತ್ತು ಸಾವಿರ ಚುಕ್ಕೆ. ಒಂದು ಕಪ್ಪು-ಬಿಳುಪು ಚಿತ್ರ ಕ್ಯಾಸೆಟ್ ಟೇಪಿನಲ್ಲಿ ದಾಖಲಾಗಲು 23 ಸೆಕೆಂಡು ಹಿಡಿಯುತ್ತಿತ್ತು. ಅದರೊಳಗಿದ್ದ ಸಿಸಿಡಿ ಸೆನ್ಸರಿನ ಮೂಲ ಕಲ್ಪನೆ 1969ರ ಬೆಲ್ ಪ್ರಯೋಗಾಲಯದ್ದು. ಅದಕ್ಕಾಗಿ ವಿಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ 2009ರಲ್ಲಿ ಭೌತವಿಜ್ಞಾನದ ನೊಬೆಲ್ ಹಂಚಿಕೊಂಡರು. ಫಿಲ್ಮ್ ರೋಲಿನ ವ್ಯಾಪಾರವನ್ನೇ ನೆಚ್ಚಿಕೊಂಡಿದ್ದ ಕೊಡಾಕ್ 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು.

ರಂಗನತಿಟ್ಟಿನ ದೋಣಿಯಲ್ಲಿ

ಮೈಸೂರಿನಿಂದ ಅರ್ಧ ಗಂಟೆಯ ದಾರಿ ರಂಗನತಿಟ್ಟು. ಫೆಬ್ರುವರಿಯ ಹೊತ್ತಿಗೆ ಕಾವೇರಿಯ ನಡುಗಡ್ಡೆಗಳ ಮರಗಳಲ್ಲಿ ಬಣ್ಣದ ಕೊಕ್ಕರೆಗಳ ಸಂಸಾರ ಜೋರಾಗಿರುತ್ತದೆ. ಬಂಡೆಯ ಮೇಲೆ ಮೊಸಳೆ ಬಾಯಿ ತೆರೆದು ಮಲಗಿರುತ್ತದೆ. ದೋಣಿ ಹತ್ತಿದವರ ಕೊರಳಲ್ಲಿ ಏನೇನಿದೆ ನೋಡಿ, ಹವ್ಯಾಸಿ ಛಾಯಾಗ್ರಹಣದ ಪೂರ್ತಿ ಅಂಗಡಿ ಅಲ್ಲೇ ಸಿಗುತ್ತದೆ.

ಒಬ್ಬರ ತೊಡೆಯ ಮೇಲೆ 150-600 ಎಂಎಂ ಲೆನ್ಸು. ಲೆನ್ಸೊಂದೇ ಎರಡು ಕೆ.ಜಿ. ತೂಗುತ್ತದೆ. ಇನ್ನೊಬ್ಬರ ಕೈಯಲ್ಲಿ ನಿಕಾನ್ ಪಿ1000. ಲೆನ್ಸು ಬಿಚ್ಚಲಾಗದ ಒಂದೇ ತುಂಡಿನ ಕ್ಯಾಮೆರಾ. 2018ರಲ್ಲಿ ಬಂದ ಇದರ ಝೂಮ್ 125 ಪಟ್ಟು, ನೋಟ 3000 ಎಂಎಂಗೆ ಸಮ. ಚಂದ್ರನ ಮೇಲಿನ ಕುಳಿಗಳನ್ನು ತುಂಬು ಚಿತ್ರವಾಗಿ ತೆಗೆದು ತೋರಿಸಿ ಬಂಧುಬಳಗವನ್ನೆಲ್ಲ ಬೆರಗಾಗಿಸಬಹುದು.

ಇಂಥ ಸೂಪರ್ ಝೂಮ್‌ಗಳನ್ನು ‘ಆಟಿಕೆ’ ಎಂದು ಮೂಗು ಮುರಿಯುವವರಿದ್ದಾರೆ. ನಾನು ಮುರಿಯುವುದಿಲ್ಲ. ಹಕ್ಕಿ ಯಾವುದೆಂದು ಗುರುತಿಸಬೇಕು, ಪಟ್ಟಿ ಮಾಡಬೇಕು, ಹೆಗಲು ನೋಯಬಾರದು ಎನ್ನುವ ನಿವೃತ್ತ ಮೇಷ್ಟ್ರಿಗೆ ಇದಕ್ಕಿಂತ ಸುಖದ ಸಂಗಾತಿ ಇಲ್ಲ. ಆದರೆ ಒಳಗಿರುವ ಸೆನ್ಸರ್ ಕಿರುಬೆರಳ ಉಗುರಿನಷ್ಟೂ ಇಲ್ಲ, ಪೂರ್ತಿ ಝೂಮ್ ಮಾಡಿದಾಗ ಲೆನ್ಸಿನ ಬಾಯಿ ಎಫ್ 8. ಬಿಸಿಲು ಚೆನ್ನಾಗಿದ್ದರೆ ಸರಿ. ಹಕ್ಕಿಗಳು ಹೆಚ್ಚು ಚಟುವಟಿಕೆಯಲ್ಲಿರುವ ಮುಂಜಾವದ ಮಸುಕಿನಲ್ಲಿ ಗರಿಗಳೆಲ್ಲ ಜಲವರ್ಣದಂತೆ ಕಲಸಿಹೋಗುತ್ತವೆ.

ಹಕ್ಕಿಯ ಹುಚ್ಚು ನಿಜಕ್ಕೂ ಹಿಡಿದಿದ್ದರೆ ನನ್ನ ಮತ ಬಳಸಿದ ಎಪಿಎಸ್-ಸಿ ಬಾಡಿ ಮತ್ತು ಕೈಲಾದಷ್ಟು ಒಳ್ಳೆಯ 70-300ಕ್ಕೆ. ಒಂದು ಲಕ್ಷ ಕೂಡಿಟ್ಟಿದ್ದರೆ ಅರ್ಧಕ್ಕಿಂತ ಹೆಚ್ಚು ಲೆನ್ಸಿಗೇ ಹೋಗಲಿ. ಬಾಡಿ ಐದು ವರ್ಷಕ್ಕೆ ಹಳತಾಗುತ್ತದೆ. ಒಳ್ಳೆಯ ಲೆನ್ಸು ಎರಡು ಮೂರು ಬಾಡಿಗಳನ್ನು ನೋಡುತ್ತದೆ.

ದೋಣಿಗೆ ಟ್ರೈಪಾಡ್ ಒಯ್ದು ಪ್ರಯೋಜನವಿಲ್ಲ. ದೋಣಿಯೇ ಅಲುಗುವಾಗ ಮೂರು ಕಾಲು ಏನು ಮಾಡೀತು? ಬಟ್ಟೆಯ ಚೀಲಕ್ಕೆ ಎರಡು ಸೇರು ಅಕ್ಕಿ ತುಂಬಿ ಬಾಯಿ ಹೊಲಿದು, ಅದರ ಮೇಲೆ ಲೆನ್ಸು ಊರಿ. ಶಟರ್ ವೇಗ 1000ನೇ ಒಂದು ಭಾಗಕ್ಕಿಂತ ಇಳಿಯದಿರಲಿ.

ತೇಜಸ್ವಿ ಮೂಡಿಗೆರೆಯಲ್ಲಿ ಹಕ್ಕಿಗಳ ಬೆನ್ನು ಹತ್ತಿದ ಕಾಲಕ್ಕೆ, ಛಾಯಾಗ್ರಾಹಕರಾದ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಕಾಡು ಸುತ್ತಿದ ಕಾಲಕ್ಕೆ ಒಂದು ರೋಲಿಗೆ ಇದ್ದದ್ದು 36 ಚಿತ್ರ. ಇಂದಿನ ಕೆಲವು ಕ್ಯಾಮೆರಾಗಳು ಸೆಕೆಂಡಿಗೆ 20 ಚಿತ್ರ ತೆಗೆಯುತ್ತವೆ. ಅವರ ಇಡೀ ರೋಲು ನಮಗೆ ಎರಡು ಸೆಕೆಂಡಿನ ಮಾತು. ಅವರ ಚಿತ್ರಗಳು ನಮ್ಮವಕ್ಕಿಂತ ಚೆನ್ನಾಗಿವೆ ಎಂಬುದು ಬೇರೆ ವಿಷಯ.

ಸೆಕೆಂಡ್ ಹ್ಯಾಂಡ್ ಎಂಬ ಜಾಣ ದಾರಿ

ಡಿಎಸ್‌ಎಲ್‌ಆರ್ ಕಾಲ ಮುಗಿಯಿತೆಂದು ಎಲ್ಲರೂ ಹಳೆಯದನ್ನು ಮಾರುತ್ತಿರುವ ಈ ಹೊತ್ತು, ಕೈ ಬಿಗಿಯಿರುವ ಹವ್ಯಾಸಿಗೆ ಸುಗ್ಗಿಯ ಕಾಲ. ಹೊಸ ಎಂಟ್ರಿ ಲೆವೆಲ್ ಮಿರರ್‌ಲೆಸ್ ಕಿಟ್ ಐವತ್ತು, ಅರವತ್ತು ಸಾವಿರದಿಂದ ಶುರುವಾಗುವಾಗ, ಆ ಹಣದ ಅರ್ಧದಲ್ಲೇ ಚೆನ್ನಾಗಿಟ್ಟುಕೊಂಡ ಡಿಎಸ್‌ಎಲ್‌ಆರ್ ಸಿಗುವುದುಂಟು. ಉಳಿದ ಅರ್ಧ ಲೆನ್ಸಿಗೆ. ಚಿತ್ರ ನೋಡಿದವರು ಕ್ಯಾಮೆರಾದಲ್ಲಿ ಕನ್ನಡಿ ಇತ್ತೇ ಎಂದು ಕೇಳುವುದಿಲ್ಲ.

ಆದರೆ ಕಣ್ಣು ಮುಚ್ಚಿ ಕೊಳ್ಳುವಂತಿಲ್ಲ. ಮದುವೆ ಫೋಟೊಗ್ರಾಫರುಗಳ ಕೈಯಲ್ಲಿ ದುಡಿದ ಬಾಡಿಗಳು ಹೊರಗೆ ಲಕಲಕ, ಒಳಗೆ ಸುಸ್ತು. ಶಟರ್ ಎಷ್ಟು ಸಲ ಬಡಿದಿದೆ ಎಂಬ ಎಣಿಕೆ ನೋಡಲೇಬೇಕು. ಸಾಮಾನ್ಯ ಮಾದರಿಗಳ ಶಟರ್ ಸುಮಾರು ಒಂದು ಲಕ್ಷ ಬಡಿತಕ್ಕೆ ಮಾಡಿದ್ದು. ನಿಕಾನ್‌ನಲ್ಲಾದರೆ ಹೊಸದಾಗಿ ತೆಗೆದ ಒಂದು ಫೋಟೊ ಫೈಲಿನ ಒಳವಿವರದಲ್ಲೇ ಈ ಸಂಖ್ಯೆ ಇರುತ್ತದೆ. ಕ್ಯಾನನ್‌ನ ಹೆಚ್ಚಿನ ಮಾದರಿಗಳಲ್ಲಿ ಬೇರೆ ಸಾಫ್ಟ್‌ವೇರ್ ಬೇಕು. ಮಾರುವವರು ‘ಮನೇಲಿ ಸುಮ್ನೆ ಇಟ್ಟಿದ್ದು ಸರ್’ ಎಂದರೂ ಸಂಖ್ಯೆ ಸುಳ್ಳು ಹೇಳುವುದಿಲ್ಲ.

ಒಂದು ಟಾರ್ಚ್ ಜೇಬಿನಲ್ಲಿರಲಿ. ಲೆನ್ಸನ್ನು ಬಿಚ್ಚಿ ಒಂದು ಬದಿಯಿಂದ ಬೆಳಕು ಬಿಟ್ಟು ಇನ್ನೊಂದು ಬದಿಯಿಂದ ಓರೆಯಾಗಿ ನೋಡಿ. ಧೂಳಿನ ಒಂದೆರಡು ಕಣಗಳಿಗೆ ಹೆದರಬೇಕಿಲ್ಲ. ಜೇಡರ ಬಲೆಯಂತೆ ಕವಲೊಡೆದ ಸಣ್ಣ ಎಳೆಗಳು ಕಂಡರೆ ಅದು ಫಂಗಸ್. ನಮಸ್ಕಾರ ಹೇಳಿ ಎದ್ದುಬನ್ನಿ. ಲೆನ್ಸಿನ ಕ್ಯಾಪ್ ಹಾಕಿ ಒಂದು ಚಿತ್ರ ತೆಗೆದು ಹಿಗ್ಗಿಸಿದರೆ ಕೆಟ್ಟ ಪಿಕ್ಸೆಲ್‌ಗಳು ನಕ್ಷತ್ರದಂತೆ ಹೊಳೆಯುತ್ತವೆ. ಎಫ್ 16ಕ್ಕಿಟ್ಟು ಬರೀ ಆಕಾಶ ತೆಗೆದರೆ ಸೆನ್ಸರಿನ ಮೇಲಿನ ಕೊಳೆಯೆಲ್ಲ ಬಯಲಾಗುತ್ತದೆ.

ನಿಕಾನ್ ಅಭಿಮಾನಿಗಳು ಒಂದು ಬಲೆಗೆ ಪದೇಪದೇ ಬೀಳುತ್ತಾರೆ. ಡಿ3500, ಡಿ5600ರಂಥ ಬಾಡಿಗಳಲ್ಲಿ ಫೋಕಸ್ ಮೋಟಾರು ಇಲ್ಲ. ಅಗ್ಗಕ್ಕೆ ಸಿಕ್ಕಿತೆಂದು, ತನ್ನೊಳಗೂ ಮೋಟಾರಿಲ್ಲದ ಹಳೆಯ ಎಎಫ್-ಡಿ ಲೆನ್ಸು ತಂದರೆ ಕೈಯಲ್ಲೇ ತಿರುಗಿಸಿ ಫೋಕಸ್ ಮಾಡಬೇಕಾಗುತ್ತದೆ.

ಬಿಲ್ ಇಲ್ಲದೆ ಅಗ್ಗಕ್ಕೆ ಸಿಗುವ ‘ಹೊಸ’ ಕ್ಯಾಮೆರಾಗಳಿಂದ ದೂರ ಇರುವುದು ಒಳ್ಳೆಯದು. ಕ್ಯಾಮೆರಾದ ಮೇಲೆ ಶೇ 18 ಜಿಎಸ್‌ಟಿ ಇದೆ. ‘ಬಿಲ್ ಬೇಡ ಅಂದ್ರೆ ಇಷ್ಟು ಕಮ್ಮಿ’ ಎಂಬ ಪಿಸುಮಾತಿನ ಬೆಲೆ ಅದು. ಭಾರತದ ವಾರಂಟಿ ಇಲ್ಲದ ಮಾಲನ್ನು ಕಂಪನಿಯ ಸರ್ವಿಸ್ ಸೆಂಟರ್ ಮುಟ್ಟದೆ ವಾಪಸ್ ಕಳಿಸಿದರೆ ಕೇಳುವವರಿಲ್ಲ.

ಮಲೆನಾಡಿನವರಿಗೆ ಒಂದು ಕಿವಿಮಾತು

ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಸುತ್ತಮುತ್ತಲಿನವರಿಗೆ, ಕರಾವಳಿಯವರಿಗೆ ಕ್ಯಾಮೆರಾ ಕೊಳ್ಳುವಾಗ ಇನ್ನೊಂದು ಖರ್ಚು ಕಡ್ಡಾಯ. ಜೂನ್‌ನಲ್ಲಿ ಬೀರುವಿನೊಳಗಿಟ್ಟ ಲೆನ್ಸು ಸೆಪ್ಟೆಂಬರಿನಲ್ಲಿ ಬೂಷ್ಟು ಹಿಡಿದು ಹೊರಬರುತ್ತದೆ. ಅದು ಒಳಗಿನ ಗಾಜಿನ ಲೇಪನವನ್ನು ತಿಂದುಹಾಕುತ್ತದೆ. ರಿಪೇರಿಗೆ ಹೋದರೆ ಲೆನ್ಸಿನ ಬೆಲೆಯ ದೊಡ್ಡ ಪಾಲೇ ಖಾಲಿ.

ವಿದ್ಯುತ್ತಿನಿಂದ ನಡೆಯುವ ಡ್ರೈ ಕ್ಯಾಬಿನೆಟ್ ಕೊಂಡರೆ ಉತ್ತಮ. ತೇವಾಂಶ ಶೇ 40ರಿಂದ 50ರ ನಡುವೆ ನಿಲ್ಲಬೇಕು. ಅಷ್ಟು ಹಣವಿಲ್ಲವೇ? ಗಾಳಿಯಾಡದಂತೆ ಮುಚ್ಚುವ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್ ಮತ್ತು ಕೆಲವು ನೂರು ರೂಪಾಯಿಯ ತೇವಾಂಶ ಮಾಪಕ. ಇಷ್ಟೇ ಸಾಕು. ನೀಲಿ ಹರಳು ಗುಲಾಬಿಯಾದಾಗ ಬಿಸಿ ಮಾಡಿ ಮತ್ತೆ ಬಳಸಬಹುದು. ಬಿಸಿ ಮಾಡುವ ಬಾಣಲೆ ಮಾತ್ರ ಅಡುಗೆಗೆ ವಾಪಸ್ ಬರಕೂಡದು. ಅಕ್ಕಿ ಡಬ್ಬದಲ್ಲಿ ಹೂತಿಡುವ ಉಪಾಯ ಬೇಡ, ಅಕ್ಕಿಯ ಹಿಟ್ಟು ಲೆನ್ಸಿನ ಸಂದಿ ಸೇರುತ್ತದೆ. ಚರ್ಮದ ಚೀಲದಲ್ಲಿ ವರ್ಷಗಟ್ಟಲೆ ಇಡುವುದು ಅದಕ್ಕಿಂತ ಕೆಟ್ಟದ್ದು, ಚರ್ಮವೇ ತೇವ ಹೀರಿ ಕೂತಿರುತ್ತದೆ. ಎಲ್ಲಕ್ಕಿಂತ ಒಳ್ಳೆಯ ಮದ್ದು ಕ್ಯಾಮೆರಾವನ್ನು ಆಗಾಗ ಹೊರತೆಗೆದು ಬಳಸುವುದು.

[ಬಾಕ್ಸ್] ಅಂಗಡಿಗೆ ಹೋದಾಗ

ನಿಮ್ಮದೇ ಮೆಮೊರಿ ಕಾರ್ಡ್ ಒಯ್ಯಿರಿ. ಅಂಗಡಿಯೊಳಗಿನ ಮಂದ ಮೂಲೆ, ಹೊರಗಿನ ಬಿಸಿಲು ಎರಡನ್ನೂ ತೆಗೆದು ಮನೆಯ ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿ.
ಕನ್ನಡಕದವರು ಕನ್ನಡಕ ಹಾಕಿಕೊಂಡೇ ಕಿಂಡಿಯಲ್ಲಿ ಇಣುಕಿ. ನಾಲ್ಕು ಮೂಲೆಯೂ ಕಾಣದಿದ್ದರೆ ಆ ಕ್ಯಾಮೆರಾ ನಿಮಗಲ್ಲ.
ಕಿರುಬೆರಳು ಗ್ರಿಪ್ಪಿನ ಕೆಳಗೆ ತೂಗಾಡುತ್ತದೆಯೇ ನೋಡಿ. ಉದ್ದ ಲೆನ್ಸು ಹಾಕಿದಾಗ ಆ ಬೆರಳು ನೋಯುತ್ತದೆ.
ಐಎಸ್‌ಒ, ಶಟರ್ ವೇಗ, ಲೆನ್ಸಿನ ಬಾಯಿ ಮೂರನ್ನೂ ಮೆನುವಿಗೆ ಹೋಗದೆ ಬದಲಿಸಲು ಆಗಬೇಕು. ಪರದೆ ಟಚ್ ಇದೆಯೇ ಎಂದೂ ಮುಟ್ಟಿ ನೋಡಿ. ಕ್ಯಾನನ್ ಆರ್100ರಂಥ ಅಗ್ಗದ ಮಾದರಿಯಲ್ಲಿ ಅದಿಲ್ಲ.

ಇಷ್ಟಾದ ಮೇಲೂ ಮನಸ್ಸು ತೂಗುಯ್ಯಾಲೆಯಾಡುತ್ತಿದ್ದರೆ ಕೊಳ್ಳಬೇಡಿ, ಬಾಡಿಗೆಗೆ ತನ್ನಿ. ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ಗುರುತಿನ ಚೀಟಿ, ಡಿಪಾಸಿಟ್ ಕೊಟ್ಟರೆ ಕ್ಯಾಮೆರಾ, ಲೆನ್ಸು ದಿನದ ಲೆಕ್ಕದಲ್ಲಿ ಸಿಗುತ್ತವೆ. ಕುಸ್ತಿಗೆ ಒಂದು ಲೆನ್ಸು, ಜಂಬೂ ಸವಾರಿಗೆ ಒಂದು ತಂದು ನೋಡಿ. ಯಾವುದನ್ನು ವಾಪಸ್ ಕೊಡಲು ಹೊಟ್ಟೆ ಉರಿಯುತ್ತದೋ ಅದು ನಿಮ್ಮದು. ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿ 1971ರಿಂದ ನಡೆದುಬಂದಿರುವ ಹವ್ಯಾಸಿಗಳ ಬಳಗ. ಅಂಥ ಕಡೆ ಹೋದರೆ ಅನುಭವಸ್ಥರು ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಮಾಡಬಾರದು ಎಂದು ಮುಲಾಜಿಲ್ಲದೆ ಹೇಳುತ್ತಾರೆ.

ಹಬ್ಬದ ಆಫರ್ ಇಂದೇ ಕೊನೆ ಎಂದು ಅವಸರ ಬೇಡ. ದೀಪಾವಳಿಗೆ ಇನ್ನೊಂದು ಬರುತ್ತದೆ, ಹೊಸ ವರ್ಷಕ್ಕೆ ಮತ್ತೊಂದು. ಹೊಸ ಮಾದರಿ ಬಂದ ತಿಂಗಳಲ್ಲಿ ಹಳೆಯ ಮಾದರಿಯ ಬೆಲೆ ಎಷ್ಟು ಇಳಿಯಿತು ಎಂದು ಕಾದು ನೋಡುವವರೇ ಈ ವ್ಯಾಪಾರದಲ್ಲಿ ಗೆಲ್ಲುವವರು.

ಇಷ್ಟರಲ್ಲೇ ಕೊಂಡೂ ಆಗಿದ್ದರೆ ಒಂದೇ ಮಾತು. ಆಯುಧಪೂಜೆಯ ದಿನ ಕಾರು, ಸ್ಕೂಟರಿನ ಜತೆ ಕ್ಯಾಮೆರಾವನ್ನೂ ಪೂಜೆಗೆ ಇಡುತ್ತೀರಿ. ಖಂಡಿತ ಇಡಿ. ಲೆನ್ಸಿಗೆ ಕ್ಯಾಪ್ ಹಾಕಿ, ಅರಿಸಿನ ಕುಂಕುಮ ಬ್ಯಾಗಿಗೆ ಮಾತ್ರ ಹಚ್ಚಿ, ಊದುಬತ್ತಿಯನ್ನು ಮಾರು ದೂರ ಇಡಿ. ಫೋಕಸ್ ರಿಂಗಿನ ಸಂದಿಗೆ ಇಳಿದ ಕುಂಕುಮವನ್ನು ಯಾವ ಸರ್ವಿಸ್ ಸೆಂಟರೂ ವಾರಂಟಿಯಲ್ಲಿ ತೆಗೆದುಕೊಡುವುದಿಲ್ಲ.